ಥಾಯ್ಲೆಂಡ್ ಕಾಡಿಗೆ ಹೋಗುವವರಿಗೆ ‘ಎಂಟು ಟಿಪ್ಸ್’: ಯಾವುದು ನಿಜ, ಯಾವುದು ಅಪಾಯ?

ಈಗ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗುವುದು ದೊಡ್ಡ ಸಂಗತಿಯೇನಲ್ಲ. ಕಾಲೇಜು ಮುಗಿಸಿದ ಹುಡುಗರು, ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಹುಡುಗಿಯರು ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಹೊರಟುಬಿಡುತ್ತಾರೆ. ಬೀಚ್ ನೋಡಿ ಸಾಕಾದ ಮೇಲೆ ಅನೇಕರು ಹೋಗುವ ಇನ್ನೊಂದು ಜಾಗ ಖಾವೊ ಯಾಯ್ ರಾಷ್ಟ್ರೀಯ ಉದ್ಯಾನ. ಇತ್ತ ಮನೆಯವರಿಗೆ ಚಿಂತೆ. ಫ್ಯಾಮಿಲಿ ಗ್ರೂಪ್‌ನಲ್ಲಿ ಚಿಕ್ಕಪ್ಪನಿಂದ ಒಂದು ಫಾರ್ವರ್ಡ್ ಬರುತ್ತದೆ, ಅದಕ್ಕೆ ಅತ್ತೆ ಇನ್ನೊಂದು ಸೇರಿಸುತ್ತಾರೆ. ‘ಕಾಡಿಗೆ ಹೋಗುವವರು ತಪ್ಪದೇ ಓದಿ’ ಎಂದು ಶುರುವಾಗುವ ಸಂದೇಶದಲ್ಲಿ ಆನೆ, ಜಿಗಣೆ, ಹಾವು, ಬಾವಲಿ ಎಲ್ಲದಕ್ಕೂ ಒಂದೊಂದು ಉಪಾಯ ಇರುತ್ತದೆ.

ಇಂಥ ಸಂದೇಶಗಳಲ್ಲಿ ಪದೇಪದೇ ಕಾಣುವ ಎಂಟು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡಿದ್ದೇವೆ. ಕೆಲವು ಮಾತುಗಳನ್ನು ನಂಬಿದರೆ ಹೆಚ್ಚೆಂದರೆ ದುಡ್ಡು ಹೋಗುತ್ತದೆ. ಕೆಲವನ್ನು ನಂಬಿದರೆ ಜೀವವೇ ಹೋಗಬಹುದು.

ಮೊದಲು, ಈ ಜಾಗ ಯಾವುದು?

ಥಾಯ್ ಭಾಷೆಯಲ್ಲಿ ‘ಖಾವೊ ಯಾಯ್’ ಎಂದರೆ ದೊಡ್ಡ ಬೆಟ್ಟ. 1962ರಲ್ಲಿ ಘೋಷಣೆಯಾದ ಇದು ಥಾಯ್ಲೆಂಡ್‌ನ ಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ ಸುಮಾರು 2,168 ಚದರ ಕಿಲೋಮೀಟರ್, ಅಂದರೆ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಎರಡು ಪಟ್ಟಿಗಿಂತ ಹೆಚ್ಚು. ಅಕ್ಕಪಕ್ಕದ ಕಾಡುಗಳೂ ಸೇರಿದ ‘ಡಾಂಗ್ ಫಯಾಯೆನ್–ಖಾವೊ ಯಾಯ್’ ಅರಣ್ಯ ಸಂಕೀರ್ಣವನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಬ್ಯಾಂಕಾಕ್‌ನಿಂದ ರೈಲಿನಲ್ಲೋ ವ್ಯಾನಿನಲ್ಲೋ ಪಾಕ್ ಚೊಂಗ್ ಎಂಬ ಊರಿಗೆ ಬರಬೇಕು. ಅಲ್ಲಿನ ಸಣ್ಣ ಗೆಸ್ಟ್‌ಹೌಸ್‌ಗಳು ಅರ್ಧ ದಿನದ, ಒಂದು ದಿನದ ಗೈಡೆಡ್ ಟೂರ್ ನಡೆಸುತ್ತವೆ. ಹಿಂದೆ ಎರಡು ಸಾಲು ಬೆಂಚಿರುವ ಪಿಕಪ್ ಗಾಡಿಯಲ್ಲಿ ಏಳೆಂಟು ಜನ, ಜೊತೆಗೆ ದುರ್ಬೀನು ಹಿಡಿದ ಗೈಡ್. ಅರ್ಧ ದಿನದ ಟೂರ್‌ನಲ್ಲಿ ಉದ್ಯಾನದ ಹೊರಗಿನ ಗುಹೆ ಮತ್ತು ಸಂಜೆಯ ಬಾವಲಿಗಳನ್ನು ತೋರಿಸುತ್ತಾರೆ. ಒಂದು ದಿನದ ಟೂರ್‌ನಲ್ಲಿ ಕಾಡಿನೊಳಗೆ ಎರಡು ಮೂರು ಗಂಟೆ ನಡಿಗೆ, ಜಲಪಾತ, ಸಂಜೆ ರಸ್ತೆ ಬದಿಯಲ್ಲಿ ಆನೆ ಕಾಯುವುದು ಇರುತ್ತದೆ.

ಬಂಡೀಪುರ, ನಾಗರಹೊಳೆಯ ಸಫಾರಿಯಲ್ಲಿ ವಾಹನದಿಂದ ಕೆಳಗೆ ಕಾಲಿಡುವಂತಿಲ್ಲ. ಖಾವೊ ಯಾಯ್‌ನಲ್ಲಿ ಗೈಡ್ ಜೊತೆ ಕಾಡಿನೊಳಗೆ ನಡೆಯಬಹುದು. ಹಾಗಾಗಿ ಜೀಪಿನಲ್ಲಿ ಕುಳಿತವರಿಗೆ ಬೇಕಾಗದ ತಿಳಿವಳಿಕೆ ಇಲ್ಲಿ ಬೇಕಾಗುತ್ತದೆ.

1. ‘ಫುಲ್ ಡೇ ಟೂರ್ ತಗೊಂಡರೆ ಹುಲಿ ಗ್ಯಾರಂಟಿ’

*ತೀರ್ಪು: ತಪ್ಪು.*

ಖಾವೊ ಯಾಯ್ ಹುಲಿ ನೋಡಲು ಹೋಗುವ ಜಾಗ ಅಲ್ಲ. 2017ರಲ್ಲಿ ಪೂರ್ವ ಥಾಯ್ಲೆಂಡ್‌ನ ಈ ಅರಣ್ಯ ಸಂಕೀರ್ಣದಲ್ಲಿ ಹುಲಿಮರಿಗಳ ಚಿತ್ರ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಒಂದೆರಡು ಮರಿ ಕಂಡದ್ದೇ ದೊಡ್ಡ ಸುದ್ದಿಯಾಗುವಷ್ಟು ಅಲ್ಲಿ ಹುಲಿ ಅಪರೂಪ. ಆ ದೇಶದ ಹೆಚ್ಚಿನ ಕಾಡುಹುಲಿಗಳು ಇರುವುದು ಪಶ್ಚಿಮದಲ್ಲಿ, ಮ್ಯಾನ್ಮಾರ್ ಗಡಿಯ ಕಡೆಗಿರುವ ಹುವಾಯ್ ಖಾ ಖೇಂಗ್ ಸುತ್ತಲಿನ ಕಾಡುಗಳಲ್ಲಿ.

ಹಾಗಾದರೆ ಥಾಯ್ಲೆಂಡ್‌ನಲ್ಲಿ ಹುಲಿ ತಬ್ಬಿಕೊಂಡ ಸೆಲ್ಫಿಗಳು ಎಲ್ಲಿಂದ ಬಂದವು? ಅವು ಪಂಜರದ ಹುಲಿಗಳು. ಕಾಂಚನಬುರಿಯ ಬೌದ್ಧ ಮಠವೊಂದರಲ್ಲಿ ಪ್ರವಾಸಿಗರು ದುಡ್ಡು ಕೊಟ್ಟು ಹುಲಿ ಮುಟ್ಟುತ್ತಿದ್ದರು. 2016ರಲ್ಲಿ ಅಧಿಕಾರಿಗಳು ಅಲ್ಲಿಂದ ನೂರಕ್ಕೂ ಹೆಚ್ಚು ಹುಲಿಗಳನ್ನು ಹೊರಗೆ ಸಾಗಿಸಿದರು. ಆಗ ಫ್ರೀಜರ್‌ನಲ್ಲಿ 40 ಸತ್ತ ಮರಿಗಳು ಸಿಕ್ಕವು.

ಖಾವೊ ಯಾಯ್‌ನಲ್ಲಿ ಕಾಣುವ ಸಾಧ್ಯತೆ ಹೆಚ್ಚಿರುವುದು ಗಿಬ್ಬನ್, ಮಂಗಟ್ಟೆ, ಕಡವೆ, ಕೋತಿ, ಮುಳ್ಳುಹಂದಿ, ಅದೃಷ್ಟ ಇದ್ದರೆ ಆನೆ. ಕಾಡಿನ ಪ್ರಾಣಿಯ ಮೇಲೆ ಯಾರಿಗೂ ಹಿಡಿತ ಇರುವುದಿಲ್ಲ. ‘ಗ್ಯಾರಂಟಿ’ ಎನ್ನುವವನು ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಪ್ರಾಣಿಗೆ ತಿಂಡಿ ಹಾಕಿ ಕರೆಸುತ್ತಾನೆ, ಇಲ್ಲವೇ ಸಾಕಿದ ಪ್ರಾಣಿ ತೋರಿಸುತ್ತಾನೆ.

2. ‘ಆನೆ ಬಂದರೆ ಜೋರಾಗಿ ಹಾರ್ನ್ ಹೊಡೆಯಿರಿ, ಅಟ್ಟಿಸಿಕೊಂಡು ಬಂದರೆ ಇಳಿಜಾರಿನಲ್ಲಿ ಓಡಿ, ಆನೆ ಇಳಿಯಲಾರದು’

*ತೀರ್ಪು: ತಪ್ಪು ಮತ್ತು ಬಹಳ ಅಪಾಯಕಾರಿ.*

ಆನೆಯ ಓಟದ ವೇಗವನ್ನು ಸರಿಯಾಗಿ ಅಳೆದದ್ದೇ ಥಾಯ್ಲೆಂಡ್‌ನಲ್ಲಿ. ಜಾನ್ ಹಚಿನ್ಸನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 42 ಏಷ್ಯಾದ ಆನೆಗಳ ಕೀಲುಗಳ ಮೇಲೆ ಬಣ್ಣದ ಚುಕ್ಕೆ ಇಟ್ಟು, ಅವು ಓಡುವಾಗ ವಿಡಿಯೊ ಮಾಡಿ ಲೆಕ್ಕ ಹಾಕಿದರು. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅತಿ ವೇಗದ ಆನೆ ಸೆಕೆಂಡಿಗೆ 6.8 ಮೀಟರ್ ಓಡಿತ್ತು, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. 100 ಮೀಟರ್ ದಾಟಲು ಅದಕ್ಕೆ 15 ಸೆಕೆಂಡು ಸಾಕು. ಬಳ್ಳಿ, ಬೇರು, ಕೆಸರಿನ ನಡುವೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಆ ವೇಗದಲ್ಲಿ ಓಡುವುದು ನಮ್ಮಲ್ಲಿ ಎಷ್ಟು ಜನರಿಂದ ಆದೀತು? ಇನ್ನು ಇಳಿಜಾರಿನ ಮಾತು. ಆನೆಗಳು ದಿನವೂ ಬೆಟ್ಟ ಹತ್ತಿ ಇಳಿದೇ ಬದುಕುತ್ತವೆ. ಇಳಿಜಾರಿನಲ್ಲಿ ಮೊದಲು ಜಾರಿ ಬೀಳುವುದು ನಾವು.

ಹಾರ್ನ್, ಫ್ಲ್ಯಾಶ್, ಕೂಗಾಟ ಆನೆಯನ್ನು ಕೆರಳಿಸುತ್ತವೆ. ಖಾವೊ ಯಾಯ್‌ನ ಅರಣ್ಯ ಸಿಬ್ಬಂದಿ ಪ್ರವಾಸಿಗರಿಗೆ ಹೇಳುವುದು ಇಷ್ಟು:

- ರಸ್ತೆಯಲ್ಲಿ ಆನೆ ಕಂಡರೆ ಕನಿಷ್ಠ 30 ಮೀಟರ್ ದೂರದಲ್ಲೇ ಗಾಡಿ ನಿಲ್ಲಿಸಿ.
- ಎಂಜಿನ್ ಆಫ್ ಮಾಡಬೇಡಿ. ಆನೆ ನಿಮ್ಮ ಕಡೆ ಬಂದರೆ ನಿಧಾನವಾಗಿ ರಿವರ್ಸ್ ಹೋಗಿ.
- ಹಾರ್ನ್ ಬೇಡ, ಕ್ಯಾಮೆರಾ ಫ್ಲ್ಯಾಶ್ ಬೇಡ. ರಾತ್ರಿಯಾದರೆ ಹೆಡ್‌ಲೈಟ್ ಆರಿಸಬೇಡಿ, ಬೆಳಕನ್ನು ಮಿಣಮಿಣ ಮಾಡಲೂ ಬೇಡಿ.
- ಕೆಳಗೆ ಇಳಿಯಲೇಬೇಡಿ.

ಆನೆಯ ಮನಸ್ಥಿತಿ ಅದರ ಕಿವಿ ಮತ್ತು ಬಾಲದಿಂದ ಸ್ವಲ್ಪ ತಿಳಿಯುತ್ತದೆ. ಕಿವಿ ಬೀಸುತ್ತಾ, ಬಾಲ ಆಡಿಸುತ್ತಾ ಮೇಯುತ್ತಿದ್ದರೆ ಸಮಾಧಾನದಲ್ಲಿದೆ. ಕಿವಿ ಬೀಸುವುದು ನಿಂತು ಅಗಲವಾಗಿ ತೆರೆದುಕೊಂಡರೆ, ಬಾಲ ಬಿಗಿಯಾದರೆ, ನಿಮ್ಮನ್ನೇ ನೋಡುತ್ತಾ ನಿಂತರೆ ಅದು ಎಚ್ಚರಿಕೆ. ಕಣ್ಣು ಮತ್ತು ಕಿವಿಯ ನಡುವಿನ ಜಾಗದಿಂದ ದ್ರವ ಸುರಿಯುತ್ತಿದ್ದರೆ ಗಂಡಾನೆಗೆ ಮದ ಬಂದಿದೆ ಎಂದು ತಿಳಿದು ಇನ್ನೂ ದೂರ ಇರಬೇಕು. ನಡಿಗೆಯಲ್ಲಿದ್ದಾಗ ಆನೆ ಎದುರಾದರೆ ಗುಂಪು ಬಿಡಬೇಡಿ, ಸದ್ದಿಲ್ಲದೆ ಹಿಂದೆ ಸರಿಯಿರಿ, ಗೈಡ್ ಹೇಳಿದ್ದನ್ನು ಆ ಕ್ಷಣವೇ ಮಾಡಿ.

2024ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನ ಫು ಕ್ರದುಂಗ್ ರಾಷ್ಟ್ರೀಯ ಉದ್ಯಾನದಲ್ಲಿ ಮಹಿಳಾ ಪ್ರವಾಸಿಯೊಬ್ಬರು ಕಾಡಾನೆಯ ದಾಳಿಯಲ್ಲಿ ಸತ್ತರು. ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆ ಜೊತೆ ಸೆಲ್ಫಿಗೆ ಇಳಿದ ವ್ಯಕ್ತಿ ಅದರ ಕಾಲಡಿ ಸಿಕ್ಕಿ ಬದುಕಿ ಬಂದರು. ಆಮೇಲೆ ಅರಣ್ಯ ಇಲಾಖೆ ಅವರಿಗೆ 25 ಸಾವಿರ ರೂಪಾಯಿ ದಂಡ ಹಾಕಿತು. ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದನ್ನು ನೋಡಿ ನಕ್ಕು ಮುಂದಕ್ಕೆ ಕಳಿಸಿದವರು ಎಷ್ಟೋ ಜನ. ಆತ ಬದುಕಿದ್ದು ಆನೆ ಬಿಟ್ಟುಬಿಟ್ಟದ್ದಕ್ಕೆ, ಯಾವುದೋ ಟಿಪ್ಸ್‌ನಿಂದ ಅಲ್ಲ.

3. ‘ಜಿಗಣೆ ಕಚ್ಚಿದರೆ ಬೆಂಕಿಕಡ್ಡಿ ತಾಗಿಸಿ ಅಥವಾ ಉಪ್ಪು ಹಾಕಿ. ಕೆಟ್ಟ ರಕ್ತವನ್ನಷ್ಟೇ ಹೀರುತ್ತದೆ, ಒಳ್ಳೆಯದೇ’

*ತೀರ್ಪು: ಅರ್ಧ ತಪ್ಪು, ಅರ್ಧ ಅನವಶ್ಯಕ.*

ಮಲೆನಾಡಿನವರಿಗೆ ಇಂಬಳದ ಪರಿಚಯ ಮಾಡಿಸಬೇಕಿಲ್ಲ. ಖಾವೊ ಯಾಯ್‌ನಲ್ಲೂ ಮಳೆಗಾಲದಲ್ಲಿ ಅವುಗಳದ್ದೇ ರಾಜ್ಯ. ಅದಕ್ಕೇ ಗೈಡ್‌ಗಳು ನಡಿಗೆಗೆ ಮೊದಲು ಮೊಣಕಾಲಿನವರೆಗೆ ಬರುವ, ದಟ್ಟ ನೇಯ್ಗೆಯ ಬಟ್ಟೆಯ ಚೀಲದಂಥ ಕಾಲುಚೀಲ ಕೊಡುತ್ತಾರೆ. ಪ್ಯಾಂಟನ್ನು ಅದರೊಳಗೆ ತುರುಕಿ, ಮೇಲೆ ದಾರ ಬಿಗಿದು, ಆಮೇಲೆ ಶೂ ಹಾಕಬೇಕು. ಉಪ್ಪಿನ ಪೊಟ್ಟಣಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಕಚ್ಚಿದ ಮೇಲೆ ಬೆಂಕಿ, ಉಪ್ಪು, ಸುಣ್ಣ ಹಾಕಿದರೆ ಜಿಗಣೆ ಬಿಡುತ್ತದೆ, ನಿಜ. ಆದರೆ ಹಾಗೆ ಬಿಡುವಾಗ ತನ್ನ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೆ ಕಾರಬಹುದು. ಅದರಿಂದ ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಬೆಂಕಿಯಿಂದ ನಿಮ್ಮ ಚರ್ಮವೂ ಸುಡುತ್ತದೆ. ಸುಲಭದ ದಾರಿ ಬೇರೆ ಇದೆ. ಜಿಗಣೆಯ ಸಣ್ಣ ತುದಿ, ಅಂದರೆ ಬಾಯಿ ಕಚ್ಚಿಕೊಂಡಿರುವ ಜಾಗದ ಪಕ್ಕದಲ್ಲಿ ಉಗುರು ಅಥವಾ ಎಟಿಎಂ ಕಾರ್ಡಿನ ಅಂಚು ಇಟ್ಟು ಅಡ್ಡಕ್ಕೆ ಸರಿಸಿ. ಆಮೇಲೆ ದಪ್ಪ ತುದಿ ಬಿಡಿಸಿ ಎಸೆಯಿರಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ರಕ್ತ ಬೇಗ ನಿಲ್ಲದಿದ್ದರೆ ಗಾಬರಿ ಬೇಡ. ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ. ಹಾಗಾಗಿ ಕೆಲವೊಮ್ಮೆ ಗಂಟೆಗಟ್ಟಲೆ ಸಣ್ಣಗೆ ಸೋರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಣ್ಣು ಅಥವಾ ಮೂಗಿನೊಳಗೆ ಜಿಗಣೆ ಹೊಕ್ಕವರು ಮಾತ್ರ ವೈದ್ಯರ ಬಳಿ ಹೋಗಬೇಕು.

‘ಕೆಟ್ಟ ರಕ್ತ, ಒಳ್ಳೆ ರಕ್ತ’ ಎಂದು ದೇಹದಲ್ಲಿ ಎರಡು ರಕ್ತ ಇಲ್ಲ. ಸಿಕ್ಕಿದ್ದನ್ನು ಜಿಗಣೆ ಕುಡಿಯುತ್ತದೆ, ಅಷ್ಟೇ. ಆದರೆ ಅದು ಕುಡಿದ ರಕ್ತ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿದೆ. 2012ರಲ್ಲಿ ವಿಯೆಟ್ನಾಂನ ಕಾಡಿನಲ್ಲಿ ಹಿಡಿದ ಜಿಗಣೆಗಳ ಹೊಟ್ಟೆಯ ರಕ್ತದ ಡಿಎನ್‌ಎ ಪರೀಕ್ಷಿಸಿ, ಕ್ಯಾಮೆರಾಗೂ ಸುಲಭಕ್ಕೆ ಸಿಗದ ಪಟ್ಟೆ ಮೊಲದಂಥ ಅಪರೂಪದ ಪ್ರಾಣಿ ಅಲ್ಲಿದೆ ಎಂದು ಪತ್ತೆ ಮಾಡಿದರು.

4. ‘ವಿಟಮಿನ್ ಬಿ1 ಮಾತ್ರೆ ನುಂಗಿದರೆ ಸೊಳ್ಳೆ ಹತ್ತಿರ ಬರುವುದಿಲ್ಲ’

*ತೀರ್ಪು: ತಪ್ಪು.*

ಈ ನಂಬಿಕೆ ಹಳೆಯದು. ಪರೀಕ್ಷೆಗಳಲ್ಲಿ ಅದು ನಿಜವಾಗಲಿಲ್ಲ. ನುಂಗುವ ಮಾತ್ರೆಗಳನ್ನು ‘ಸೊಳ್ಳೆ ಓಡಿಸುವ ಔಷಧ’ ಎಂದು ಮಾರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1985ರಲ್ಲೇ ತಡೆಯಿತು. ಬೆಳ್ಳುಳ್ಳಿ ತಿಂದರೂ ಸೊಳ್ಳೆ ಓಡುವುದಿಲ್ಲ. ಚರ್ಮಕ್ಕೆ ಹಚ್ಚುವ, ‘ಡೀಟ್’ ಇರುವ ಕ್ರೀಮು ಅಥವಾ ಸ್ಪ್ರೇ, ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಇವು ಕೆಲಸ ಮಾಡುತ್ತವೆ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ಸಂಜೆ ಮಾತ್ರ ಹಚ್ಚಿಕೊಂಡರೆ ಸಾಲದು.

ಫಾರ್ವರ್ಡ್‌ಗಳಲ್ಲಿ ಬಾರದ ಇನ್ನೊಂದು ವಿಷಯವನ್ನು ನಾವು ಇಲ್ಲಿ ಸೇರಿಸುತ್ತೇವೆ. ಸ್ಕ್ರಬ್ ಟೈಫಸ್ ಎಂಬ ಜ್ವರವನ್ನು ಹರಡುವುದು ಸೊಳ್ಳೆ ಅಲ್ಲ, ಹುಲ್ಲು ಪೊದೆಗಳಲ್ಲಿರುವ, ಕಣ್ಣಿಗೆ ಸರಿಯಾಗಿ ಕಾಣದ ನುಸಿಯ ಮರಿ. ಈ ಕಾಯಿಲೆ ಥಾಯ್ಲೆಂಡ್‌ನಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ನುಸಿ ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಅನೇಕರಿಗೆ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಕಾಣುತ್ತದೆ. ಅದು ಕಂಕುಳಲ್ಲೋ ತೊಡೆಸಂದಿಯಲ್ಲೋ ಇದ್ದರೆ ಗಮನಕ್ಕೇ ಬರುವುದಿಲ್ಲ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಆ್ಯಂಟಿಬಯಾಟಿಕ್‌ನಿಂದಲೇ ಗುಣವಾಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ತೊಂದರೆಯಾಗಿ ಜೀವಕ್ಕೇ ಅಪಾಯ.

ತೊಂದರೆ ಏನೆಂದರೆ, ಈ ಜ್ವರ ಬರುವ ಹೊತ್ತಿಗೆ ಪ್ರವಾಸ ಮುಗಿದು, ಫೋಟೊ ಹಾಕಿ, ಆಫೀಸಿಗೆ ಮರಳಿಯೂ ಆಗಿರುತ್ತದೆ. ಕಾಡಿಗೆ ಹೋಗಿದ್ದು ಮರೆತೇ ಹೋಗಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ನುಂಗಿ ದಿನ ದೂಡುತ್ತಾರೆ. ಹಾಗೆ ಮಾಡಬೇಡಿ. ಹಿಂತಿರುಗಿದ ಮೂರು ವಾರದೊಳಗೆ ಜ್ವರ ಬಂದರೆ ವೈದ್ಯರ ಬಳಿ ಹೋಗಿ, ‘ಇಂಥ ದಿನ ಕಾಡಿನಲ್ಲಿ ನಡೆದಿದ್ದೆ’ ಎಂದು ನೀವಾಗಿಯೇ ಹೇಳಿ. ಡೆಂಗಿಯೂ ಇರಬಹುದಾದ್ದರಿಂದ ಆಸ್ಪಿರಿನ್, ಐಬುಪ್ರೊಫೆನ್ ತೆಗೆದುಕೊಳ್ಳಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಂಗನ ಕಾಯಿಲೆ ಕಂಡ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಈ ಪಾಠ ಹೊಸದಲ್ಲ. ಕಾಡಿಗೆ ಹೋಗಿ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು, ಜ್ವರ ಬಂದರೆ ಕಾಡಿನ ಸುದ್ದಿ ಹೇಳುವುದು ಎರಡೂ ಕಡೆ ಒಂದೇ.

5. ‘ತಲೆ ತ್ರಿಕೋನ ಇದ್ದರೆ ವಿಷದ ಹಾವು, ಗುಂಡಗಿದ್ದರೆ ವಿಷ ಇಲ್ಲ’

*ತೀರ್ಪು: ತಪ್ಪು ಮತ್ತು ಅಪಾಯಕಾರಿ.*

ನಾಗರಹಾವಿನ ತಲೆ ತ್ರಿಕೋನ ಅಲ್ಲ. ಕಟ್ಟುಹಾವಿನದ್ದೂ ಅಲ್ಲ. ಎರಡೂ ಜೀವ ತೆಗೆಯಬಲ್ಲವು. ಅದೇ ಹೆಬ್ಬಾವಿನ ತಲೆ ತ್ರಿಕೋನದ ಹಾಗೆ ಕಾಣುತ್ತದೆ, ವಿಷ ಇಲ್ಲ. ವಿಷವಿಲ್ಲದ ಕೆಲವು ಹಾವುಗಳು ಹೆದರಿದಾಗ ತಲೆಯನ್ನು ಚಪ್ಪಟೆ ಮಾಡಿ ತ್ರಿಕೋನದಂತೆ ತೋರಿಸುತ್ತವೆ. ಹಾಗಾಗಿ ತಲೆ ನೋಡಿ ತೀರ್ಮಾನಿಸುವ ಕೆಲಸ ಬೇಡ.

ಖಾವೊ ಯಾಯ್‌ನ ನಡಿಗೆಯಲ್ಲಿ ಗೈಡ್‌ಗಳು ಹಸಿರು ಬಣ್ಣದ ಗುಳಿಮಂಡಲ ಹಾವನ್ನು ತೋರಿಸುವುದುಂಟು. ಎಲೆಯ ಬಣ್ಣದ ಈ ಹಾವು ಕೊಂಬೆ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತದೆ. ಬಹಳ ಹೊತ್ತು ಸುಮ್ಮನಿದೆ ಎಂದು ಮೊಬೈಲನ್ನು ಅದರ ಮುಖದ ಹತ್ತಿರ ಒಯ್ಯುವವರೇ ಹೆಚ್ಚು. ಆ ಹಾವು ಬೇಟೆ ಹಿಡಿಯುವುದೇ ಹೀಗೆ ಸುಮ್ಮನೆ ಕಾದು ಕೂತು.

ಕಚ್ಚಿದರೆ ಏನು ಮಾಡಬೇಕು? ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ವಾಚು ಬಿಚ್ಚಿಡಿ. ಕಚ್ಚಿದ ಕೈ ಅಥವಾ ಕಾಲನ್ನು ಆದಷ್ಟು ಅಲುಗಿಸದೆ ಬೇಗ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ತರುವುದೂ ಬೇಡ. ದೂರದಿಂದ ಒಂದು ಫೋಟೊ ಸಿಕ್ಕರೆ ಒಳ್ಳೆಯದು.

‘ಮನೆಯಿಂದ ವಿಷದ ಔಷಧ ಒಯ್ಯಿರಿ’ ಎನ್ನುವ ಸಲಹೆಯೂ ಕೆಲವು ಸಂದೇಶಗಳಲ್ಲಿ ಇರುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು, ಆಸ್ಪತ್ರೆಯಲ್ಲೇ ಕೊಡಬೇಕಾದದ್ದು. ಥಾಯ್ಲೆಂಡ್‌ನಲ್ಲಿ ಅಲ್ಲಿನ ಹಾವುಗಳಿಗೆ ತಕ್ಕ ಪ್ರತಿವಿಷವನ್ನು ಥಾಯ್ ರೆಡ್ ಕ್ರಾಸ್‌ನ ರಾಣಿ ಸವೋಭಾ ಸಂಸ್ಥೆ ತಯಾರಿಸುತ್ತದೆ. ಅಲ್ಲಿ ತುರ್ತು ವೈದ್ಯಕೀಯ ಸೇವೆಯ ಸಂಖ್ಯೆ 1669, ಪ್ರವಾಸಿ ಪೊಲೀಸ್ 1155. ಈ ಎರಡು ಸಂಖ್ಯೆ ಮೊಬೈಲಿನಲ್ಲಿ ಮೊದಲೇ ಸೇವ್ ಆಗಿರಲಿ.

6. ‘ಗುಹೆಯ ಬಾವಲಿಗಳು ರಕ್ತ ಹೀರುತ್ತವೆ, ಕೂದಲಿಗೆ ಸಿಕ್ಕಿಕೊಳ್ಳುತ್ತವೆ’

*ತೀರ್ಪು: ತಪ್ಪು. ಆದರೆ ಒಂದು ಎಚ್ಚರಿಕೆ ಬೇಕು.*

ಖಾವೊ ಯಾಯ್ ಪಕ್ಕದ ಗುಹೆಯಿಂದ ಸಂಜೆ ಲಕ್ಷಾಂತರ ಸಣ್ಣ ಬಾವಲಿಗಳು ಹೊರಬರುತ್ತವೆ. ಆಕಾಶದಲ್ಲಿ ಹೊಗೆಯ ಹಗ್ಗ ಎಳೆದಂತೆ ಬಹಳ ಹೊತ್ತು ಹರಿಯುತ್ತವೆ. ಅವು ತಿನ್ನುವುದು ಕೀಟ. ರಕ್ತ ಕುಡಿಯುವ ಬಾವಲಿಗಳು ಜಗತ್ತಿನಲ್ಲಿ ಇರುವುದೇ ಮೂರು ಜಾತಿ, ಮೂರೂ ಇರುವುದು ಅಮೆರಿಕ ಖಂಡಗಳಲ್ಲಿ. ಕತ್ತಲಲ್ಲಿ ಹಾರುವ ಸೊಳ್ಳೆಯನ್ನೇ ಪ್ರತಿಧ್ವನಿಯಿಂದ ಗುರುತಿಸುವ ಪ್ರಾಣಿಗೆ ನಿಮ್ಮ ತಲೆ ಕಾಣದೇ ಇರುತ್ತದೆಯೇ?

ಈ ಬಾವಲಿಗಳು ರೈತರಿಗೆ ಕೂಲಿ ಕೇಳದ ಆಳುಗಳು. ಭತ್ತದ ರಸ ಹೀರುವ ಜಿಗಿಹುಳುಗಳನ್ನು ತಿನ್ನುತ್ತವೆ. ಇದರಿಂದ ಥಾಯ್ಲೆಂಡ್‌ನಲ್ಲಿ ವರ್ಷಕ್ಕೆ ಸುಮಾರು 2,900 ಟನ್ ಅಕ್ಕಿ ಉಳಿಯುತ್ತದೆ, ಅದು ಸುಮಾರು 26 ಸಾವಿರ ಜನರ ವರ್ಷದ ಊಟ ಎಂದು 2014ರ ಅಧ್ಯಯನವೊಂದು ಅಂದಾಜು ಮಾಡಿತು.

ಎಚ್ಚರಿಕೆ ಇಷ್ಟೇ: ಹೊರಗೆ ನಿಂತು ನೋಡಿ, ಬಾವಲಿಗಳಿರುವ ಗುಹೆಯೊಳಗೆ ನುಗ್ಗಬೇಡಿ. ಅವುಗಳ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದು. ಕೆಳಗೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬಾವಲಿಯಾಗಲಿ ಕೋತಿಯಾಗಲಿ ಕಚ್ಚಿದರೆ, ಪರಚಿದರೆ, 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಿ.

7. ‘ಗಂಡು ಮಂಗಟ್ಟೆ ಸತ್ತರೆ ಹೆಣ್ಣು, ಮರಿ ಎಲ್ಲವೂ ಗೂಡಿನಲ್ಲೇ ಪ್ರಾಣ ಬಿಡುತ್ತವೆ. ಇದೇ ನಿಜವಾದ ಪ್ರೀತಿ’

*ತೀರ್ಪು: ಅರ್ಧ ಸತ್ಯ.*

ದಾಂಡೇಲಿಗೆ ಹೋದವರು ನೋಡಿರುವ ದೊಡ್ಡ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್, ಖಾವೊ ಯಾಯ್‌ನಲ್ಲೂ ಇದೆ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿ, ಬಾಗಿಲಿಗೆ ಗಾರೆ ಬಳಿದಂತೆ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ಹಾರುವ ಗರಿಗಳು ಉದುರಿ ಹೊಸದು ಬರುತ್ತವೆ. ತಿಂಗಳುಗಟ್ಟಲೆ ಹಣ್ಣು ತಂದುಕೊಡುವುದು ಗಂಡು. ಹಾಗಾಗಿ ಗಂಡನ್ನು ಕೊಂದರೆ ಆ ಗೂಡು ಸಂಕಷ್ಟಕ್ಕೆ ಸಿಗುತ್ತದೆ, ಮರಿಗಳು ಬದುಕುವುದು ಕಷ್ಟ. ಇದು ನಿಜ. ಆದರೆ ಹೆಣ್ಣು ಬೇಕೆಂದೇ ಪ್ರಾಣ ಬಿಡುವುದಿಲ್ಲ. ಬಾಗಿಲನ್ನು ಒಡೆದು ಹೊರಬರುವ ಶಕ್ತಿ ಅದಕ್ಕಿದೆ. ನಮ್ಮ ಸತಿಯ ಕಥೆಗಳನ್ನು ಹಕ್ಕಿಯ ತಲೆಗೆ ಕಟ್ಟಬೇಕಿಲ್ಲ.

ಫಾರ್ವರ್ಡ್ ಮಾಡಲು ಇದಕ್ಕಿಂತ ಒಳ್ಳೆಯ ಕಥೆ ಇದೆ. ಪಿಲಾಯ್ ಪೂನ್‌ಸ್ವಾದ್ ಎಂಬ ವಿಜ್ಞಾನಿ 1978ರಲ್ಲಿ ಖಾವೊ ಯಾಯ್‌ನಲ್ಲಿ ಮಂಗಟ್ಟೆಗಳ ಅಧ್ಯಯನ ಶುರು ಮಾಡಿದರು. ಮುಂದೆ ದಕ್ಷಿಣ ಥಾಯ್ಲೆಂಡ್‌ನಲ್ಲಿ, ಮರಿಗಳನ್ನು ಕದ್ದು ಮಾರುತ್ತಿದ್ದ ಹಳ್ಳಿಗರನ್ನೇ ಒಪ್ಪಿಸಿ, ಗೂಡು ಕಾಯುವ ಕೆಲಸ ಕೊಟ್ಟರು. ಯಾವ ಮರದಲ್ಲಿ ಗೂಡಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

8. ‘ಸಿನಿಮಾದಲ್ಲಿ ಹೀರೊ ಹಾರಿದ ಜಲಪಾತ ಇದೇ, ನೀವೂ ಹಾರಿ ರೀಲ್ ಮಾಡಿ’

*ತೀರ್ಪು: ಜಾಗ ನಿಜ, ಸಲಹೆ ಅಪಾಯ.*

2000ದಲ್ಲಿ ಬಂದ, ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ‘ದಿ ಬೀಚ್’ ಸಿನಿಮಾದಲ್ಲಿ ಕಾಣುವ ಜಲಪಾತ ಖಾವೊ ಯಾಯ್‌ನ ಹೇವ್ ಸುವಾತ್. ಈಗ ಅಲ್ಲಿ ನೀರಿಗೆ ಇಳಿಯಲು ಬಿಡುವುದಿಲ್ಲ. ನೀರಿನಡಿ ಬಂಡೆಗಳಿವೆ. ಮೇಲ್ಭಾಗದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಒಮ್ಮೆಲೇ ನೀರು ಏರುತ್ತದೆ.

ಅದೇ ಉದ್ಯಾನದ ಇನ್ನೊಂದು ಜಲಪಾತ ಹೇವ್ ನರೋಕ್. ಹೆಸರಿನ ‘ನರೋಕ್’ ನಮ್ಮ ‘ನರಕ’ವೇ. 2019ರ ಅಕ್ಟೋಬರ್‌ನಲ್ಲಿ ಅಲ್ಲಿ ಬಿದ್ದು ಸತ್ತ ಆರು ಆನೆಗಳು ಮೊದಲು ಕಂಡವು, ಕೆಲವು ದಿನಗಳಲ್ಲಿ ಇನ್ನೂ ಐದು ದೇಹ ಸಿಕ್ಕವು. 1992ರಲ್ಲೂ ಅಲ್ಲೇ ಎಂಟು ಆನೆ ಸತ್ತಿದ್ದವು. ಆ ಕಾಡಿನಲ್ಲೇ ಹುಟ್ಟಿ ಬೆಳೆದ ಆನೆಯ ಕಾಲೇ ಜಾರುವ ನೀರಿನಲ್ಲಿ ರೀಲ್ ಮಾಡುವವರ ಕಾಲು ನಿಲ್ಲುತ್ತದೆಯೇ?

ಹಾಗಾದರೆ ಹೋಗುವುದೇ ಬೇಡವೇ?

ಖಂಡಿತ ಹೋಗಬಹುದು. ಹೆದರಿಸುವುದು ನಮ್ಮ ಉದ್ದೇಶವಲ್ಲ. ಬೆಳಗಿನ ಮಂಜಿನಲ್ಲಿ ಗಿಬ್ಬನ್ ಜೋಡಿ ಹಾಡುವುದನ್ನು ಕೇಳಲು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಬಾಲವಿಲ್ಲದ ಇವು ಕೋತಿಗಳಲ್ಲ, ಚಿಂಪಾಂಜಿಯಂತೆ ನಮ್ಮ ಹತ್ತಿರದ ನೆಂಟರು. ಬೀಚ್ ಊರುಗಳಲ್ಲಿ ಮರಿ ಗಿಬ್ಬನ್ ಕೊಟ್ಟು ಫೋಟೊಗೆ ದುಡ್ಡು ಕೇಳುವವರಿಂದ ಮಾತ್ರ ದೂರ ಇರಿ. ಮರಿಯನ್ನು ತಾಯಿಯಿಂದ ಕೀಳಲು ಸಾಮಾನ್ಯವಾಗಿ ತಾಯಿಯನ್ನೇ ಕೊಲ್ಲುತ್ತಾರೆ.

‘ಆನೆಗೆ ಸ್ನಾನ ಮಾಡಿಸಿ’ ಎನ್ನುವ ಪ್ಯಾಕೇಜ್ ಕಾಡು ನೋಡುವ ಟೂರ್ ಅಲ್ಲ. 2025ರ ಜನವರಿಯಲ್ಲಿ ಥಾಯ್ಲೆಂಡ್‌ನ ದ್ವೀಪವೊಂದರಲ್ಲಿ ಹೀಗೆ ಸ್ನಾನ ಮಾಡಿಸುವಾಗ ಸ್ಪೇನ್‌ನ ಯುವತಿಯೊಬ್ಬಳು ಆನೆಯ ದಾಳಿಗೆ ಬಲಿಯಾದಳು. ಸಾಕಿದ್ದು ಎಂದ ಮಾತ್ರಕ್ಕೆ ಆನೆಯ ಸಿಟ್ಟು ಸಾಕಿದ್ದಾಗುವುದಿಲ್ಲ.

ಟೂರ್ ಬುಕ್ ಮಾಡುವ ಮೊದಲು ಇಷ್ಟು ಕೇಳಿ. ಗೈಡ್‌ಗೆ ಲೈಸೆನ್ಸ್ ಇದೆಯೇ? ಒಂದು ಗುಂಪಿನಲ್ಲಿ ಎಷ್ಟು ಜನ? ಉದ್ಯಾನದ ಪ್ರವೇಶ ಶುಲ್ಕ, ಜಿಗಣೆ ಕಾಲುಚೀಲ, ವಿಮೆ ಸೇರಿದೆಯೇ? ಪ್ರಾಣಿ ಕಾಣದಿದ್ದರೆ ಏನು ಎಂದು ಕೇಳಿದಾಗ ‘ಕಾಡು ಸಾರ್, ನಮ್ಮ ಕೈಯಲ್ಲಿಲ್ಲ’ ಎಂಬ ಅರ್ಥದ ಉತ್ತರ ಬಂದರೆ ಅವರನ್ನು ನಂಬಬಹುದು.

ಕಾಡಿನಲ್ಲಿ ಕಸ ಬಿಡಬೇಡಿ. 2020ರಲ್ಲಿ ಖಾವೊ ಯಾಯ್‌ನಲ್ಲಿ ಟೆಂಟ್ ಹಾಕಿದ್ದ ಕೆಲವರು ಕಸ ಬಿಟ್ಟು ಹೋದಾಗ, ಸಿಬ್ಬಂದಿ ಅದನ್ನು ಡಬ್ಬಿಯಲ್ಲಿ ತುಂಬಿ ಅವರ ಮನೆ ವಿಳಾಸಕ್ಕೇ ಪಾರ್ಸೆಲ್ ಮಾಡಿದರು. ಪರಿಸರ ಸಚಿವರೇ ಅದರ ಫೋಟೊ ಹಾಕಿದರು. ಕಡವೆ, ಆನೆಗಳು ಉಪ್ಪಿನ ವಾಸನೆಗೆ ಪ್ಲಾಸ್ಟಿಕ್ ಸಮೇತ ತಿನ್ನುತ್ತವೆ ಎಂಬುದೇ ಆ ಸಿಟ್ಟಿಗೆ ಕಾರಣ.

ಇದನ್ನು ಫಾರ್ವರ್ಡ್ ಮಾಡಿ

ಮನೆಯ ಗ್ರೂಪಿಗೆ ಕಳಿಸಲು ಇಷ್ಟು ಸಾಕು:

- ಆನೆ ಕಂಡರೆ 30 ಮೀಟರ್ ದೂರ. ಹಾರ್ನ್ ಬೇಡ, ಸೆಲ್ಫಿ ಬೇಡ, ಇಳಿಯುವುದು ಬೇಡ.
- ಜಿಗಣೆಗೆ ಬೆಂಕಿ ಬೇಡ. ಉಗುರಿನಿಂದ ಸರಿಸಿ, ತೊಳೆಯಿರಿ.
- ಸೊಳ್ಳೆಗೆ ಮಾತ್ರೆ ಅಲ್ಲ, ಹಚ್ಚುವ ಕ್ರೀಮು.
- ಹಾವು ಕಚ್ಚಿದರೆ ಕೊಯ್ಯಬೇಡಿ, ಕಟ್ಟಬೇಡಿ, ಆಸ್ಪತ್ರೆಗೆ ಹೋಗಿ. ಥಾಯ್ಲೆಂಡ್‌ನಲ್ಲಿ 1669.
- ಹಿಂತಿರುಗಿದ ಮೂರು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಕಾಡಿನ ವಿಷಯ ಹೇಳಿ.

ಐದರಲ್ಲಿ ಒಂದೇ ನೆನಪಿಡುವುದಾದರೆ ಕೊನೆಯದನ್ನು ನೆನಪಿಡಿ. ಆನೆ, ಹಾವು ಎದುರಾದರೆ ಗೈಡ್ ಪಕ್ಕದಲ್ಲಿರುತ್ತಾರೆ. ಜ್ವರ ಬರುವ ಹೊತ್ತಿಗೆ ನಿಮ್ಮ ಪಕ್ಕದಲ್ಲಿರುವುದು ಮನೆಯವರು. ಆ ಮಾತು ಅವರಿಗೂ ಗೊತ್ತಿರಲಿ.